ಒಂದೇ ಕಣಿವೆ ನೋಡು, ಕೂಸೇ

ತಾಳವಾಡಿ

ಚಿರಂಜೀವಿ ಕೂಸಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಳೆ ಈ ಸಲ ಕೈಬಿಡಲಿಲ್ಲ. ಕೋಸು, ಬೆಳ್ಳುಳ್ಳಿ ಎರಡೂ ಚೆನ್ನಾಗಿ ಎದ್ದಿವೆ. ದೀಪಾವಳಿ ರಜೆಗೆ ಗೆಳತಿಯರನ್ನು ಕರೆದುಕೊಂಡು ಬರುತ್ತೇನೆ ಅಂತ ನೀನು ಬರೆದ ದಿನದಿಂದಲೇ ನಿನ್ನ ದೊಡ್ಡಮ್ಮ ಹಾಸಿಗೆ, ಕಂಬಳಿಗಳನ್ನೆಲ್ಲ ಬಿಸಿಲಿಗೆ ಹಾಕಿದ್ದಾಳೆ.

ನೀನು ಕಳಿಸಿದ ಜಾಗಗಳ ಪಟ್ಟಿ ನೋಡಿದೆ. ಊಟಿ, ಕೂನೂರು, ಪೈಕಾರ, ಮುದುಮಲೆ, ಬಂಡೀಪುರ, ವಯನಾಡು, ಎಲ್ಲ ನಾಲ್ಕೇ ದಿನಕ್ಕೆ. ಇಷ್ಟನ್ನು ಹೊತ್ತುಕೊಂಡರೆ ಹಗಲೆಲ್ಲ ಕಾರಿನಲ್ಲೇ ಕಳೆದುಹೋಗುತ್ತದೆ. ಹೋದ ಕಡೆಯೆಲ್ಲ ಫೋಟೋ ಹೊಡೆದುಕೊಂಡು ಗಾಡಿ ಹತ್ತಬೇಕು. ಅದನ್ನು ಬದಿಗಿಡು. ಈ ನಾಲ್ಕು ದಿನಕ್ಕೆ ಮೋಯಾರ್ ಕಣಿವೆ ಒಂದನ್ನೇ ಇಟ್ಟುಕೋ. ಬಡಗಣ ಅಂಚಿನಿಂದ ಒಮ್ಮೆ, ತಳದಿಂದ ಒಮ್ಮೆ, ತೆಂಕಣ ಅಂಚಿನಿಂದ ಒಮ್ಮೆ ನೋಡು. ಮೂರು ಕಡೆಯಿಂದ ನೋಡಿದ ಮೇಲೆ ಆ ಕಣಿವೆ ನಿನ್ನದಾಗುತ್ತದೆ. ಹತ್ತು ಊರು ಸುತ್ತಿದರೂ ಆ ಸುಖ ಸಿಗುವುದಿಲ್ಲ.

ಹೊಳೆಯ ಜಾಡು ಮೊದಲು ತಿಳಿದುಕೋ. ಪೈಕಾರದ ನೀರು ನೀಲಗಿರಿಯಿಂದ ಇಳಿದು ಮೋಯಾರ್ ಆಗುತ್ತದೆ. ಮುದುಮಲೆಯ ಬದಿಯಲ್ಲಿ ಹರಿದು, ಆಳವಾದ ಕೊರಕಲಿಗೆ ಇಳಿದು, ಮೂಡಲಿಗೆ ಹೋಗಿ ಭವಾನಿಸಾಗರದಲ್ಲಿ ಭವಾನಿ ಹೊಳೆಯನ್ನು ಕೂಡುತ್ತದೆ. ಹೊಳೆಗೆ ತೆಂಕಣದಲ್ಲಿ ನೀಲಗಿರಿಯ ಗೋಡೆ, ಬಡಗಣದಲ್ಲಿ ನಮ್ಮ ತಲಮಲೆ, ದಿಂಬಂ ಬೆಟ್ಟಸಾಲು. ನಮ್ಮ ಕಡೆಯಲ್ಲಿ ನಾವು, ಸೋಲಿಗರು, ಊರಾಳಿಗಳು. ಆ ಕಡೆಯ ಮಲೆಯಲ್ಲಿ ಬಡಗರು, ಕೋತರು, ಇರುಳರು. ಈ ಭಾಗದ ನೆಲ ಪೂರಾ ತಮಿಳುನಾಡಿನದು, ಆದರೂ ಎರಡೂ ಅಂಚಿನಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. 1956ರಲ್ಲಿ ರಾಜ್ಯಗಳನ್ನು ಮತ್ತೆ ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಕೊಯಮತ್ತೂರು ಜಿಲ್ಲೆಯಲ್ಲೇ ಉಳಿಯಿತು. 1979ರಲ್ಲಿ ಪೆರಿಯಾರ್ ಜಿಲ್ಲೆಗೆ ಸೇರಿತು, ಅದಕ್ಕೇ ಈಗ ಈರೋಡು ಜಿಲ್ಲೆ ಅನ್ನುತ್ತಾರೆ. ಬಸ್ಸಿನ ಬೋರ್ಡು ತಮಿಳಿನಲ್ಲಿದ್ದರೆ ಗಾಬರಿಯಾಗಬೇಡ, ಕಂಡಕ್ಟರನ್ನು ಕನ್ನಡದಲ್ಲೇ ಕೇಳು.

ಬಂದ ದಿನ ಎಲ್ಲಿಗೂ ಓಡಬೇಡಿ. ಚಾಮರಾಜನಗರದ ಕಡೆಯಿಂದ ಹೊತ್ತಿರುವಾಗಲೇ ಬಂದು ಸೇರಿ. ಕೈಕಾಲು ತೊಳೆದು, ಹಿಟ್ಟು, ಉಪ್ಪುಸಾರು ಉಂಡು, ಸಂಜೆ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿ. ಸುತ್ತ ಬೆಟ್ಟ, ನಡುವೆ ಅರಿಶಿನ, ಚೆಂಡು ಹೂವು, ಬಾಳೆ, ಕೋಸು. ಇಲ್ಲಿ ಯಾರೂ ಟಿಕೆಟ್ ಹರಿಯುವುದಿಲ್ಲ, ವ್ಯೂ ಪಾಯಿಂಟ್ ಎಂಬ ಹಲಗೆಯೂ ಇಲ್ಲ. ಆನೆ ಬಾರದಿರಲಿ ಅಂತ ತೋಡಿದ ಕಂದಕ, ರಾತ್ರಿ ಕಾವಲಿಗೆ ಕೂರುವ ಅಟ್ಟಣೆ, ಇವನ್ನೂ ನಿನ್ನ ಗೆಳತಿಯರಿಗೆ ತೋರಿಸು. ಕಾಡಿನ ಪಕ್ಕದಲ್ಲಿ ಅನ್ನ ಬೆಳೆಯುವುದು ಅಂದರೆ ಏನು ಅಂತ ಅವರಿಗೂ ತಿಳಿಯಲಿ.

ದೊಡ್ಡಗಾಜನೂರಿಗೆ ಹೋಗಲೇಬೇಕು. ರಾಜ್‌ಕುಮಾರ್ ಅವರ ಹಳೆಯ ಮನೆ ನೋಡಿದರೆ ಅಷ್ಟು ದೊಡ್ಡ ಮನುಷ್ಯ ಎಂಥ ಮಣ್ಣಿನಿಂದ ಎದ್ದು ಹೋದರು ಅಂತ ಕಾಣುತ್ತದೆ. 2000ನೇ ಇಸವಿ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಅವರನ್ನು ಅಪಹರಿಸಿಕೊಂಡು ಹೋದದ್ದೂ ಆ ಊರಿನಿಂದಲೇ. ಬಿಡುಗಡೆಯಾಗಿ ಬಂದದ್ದು ನವೆಂಬರ್ 15ಕ್ಕೆ, 108 ದಿನ ಕಳೆದ ಮೇಲೆ. ಒಂದು ಮಾತು ನೆನಪಿಡು. ಹೊರಗಿನಿಂದ ಬಂದವರು ನಮ್ಮ ಊರುಗಳಲ್ಲಿ ಮೊದಲು ಕೇಳುವುದೇ ವೀರಪ್ಪನ್ ಕಥೆ. ಆ ಕಾಲದಲ್ಲಿ ಇಲ್ಲಿನ ಜನ ಅವನ ಕಡೆಯಿಂದಲೂ ಪೊಲೀಸರ ಕಡೆಯಿಂದಲೂ ನೊಂದಿದ್ದಾರೆ, ಮರೆಯಬೇಕು ಅಂದುಕೊಂಡವರೇ ಹೆಚ್ಚು. ನೀವು ಮಳೆ ಹೇಗಾಯಿತು, ಬೆಳ್ಳುಳ್ಳಿಗೆ ರೇಟು ಏನಿದೆ ಅಂತ ಮಾತು ತೆಗೆಯಿರಿ. ಅವರೇ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಡುತ್ತಾರೆ. ಹಳೆಯ ಕಥೆ ಹೇಳಬೇಕು ಅನ್ನಿಸಿದರೆ ತಾವಾಗಿ ಹೇಳುತ್ತಾರೆ.

ದೀಪಾವಳಿಗೇ ಬರುವುದರಿಂದ ಗುಮಟಾಪುರದ ಗೊರೆಹಬ್ಬ ನಿಮಗೆ ಸಿಗುತ್ತದೆ. ಬಲಿಪಾಡ್ಯಮಿಯ ಮಾರನೆಯ ದಿನ ನಡೆಯುವ ಹಬ್ಬ. ಊರಿನ ಮನೆಮನೆಯ ಕೊಟ್ಟಿಗೆಯಿಂದ ಸಗಣಿಯನ್ನು ಟ್ರ್ಯಾಕ್ಟರಿನಲ್ಲಿ ತಂದು ಬೀರೇಶ್ವರನ ಗುಡಿಯ ಹಿಂದೆ ಗುಡ್ಡೆ ಹಾಕುತ್ತಾರೆ. ಪೂಜೆಯಾದ ಮೇಲೆ ಗಂಡಸರು, ಹುಡುಗರು ಬರಿಮೈಯಲ್ಲಿ ಇಳಿದು, ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎರಚುತ್ತಾರೆ. ಹೆಂಗಸರು, ಮಕ್ಕಳು ಮಾಳಿಗೆಗಳ ಮೇಲೆ ನಿಂತು ನೋಡುತ್ತಾರೆ. ಮೈಗೆ ಸಗಣಿ ಬಿದ್ದರೆ ರೋಗ ಹೋಗುತ್ತದೆ ಅಂತ ಊರಿನವರ ನಂಬಿಕೆ. ಆಟ ಮುಗಿದ ಮೇಲೆ ಎಲ್ಲರೂ ಕೆರೆಗೆ ಹೋಗಿ ಮೀಯುತ್ತಾರೆ, ಸಗಣಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ದೂರದ ಟಿ.ವಿ.ಯವರು ಇದನ್ನು ವಿಚಿತ್ರ ಅಂತ ತೋರಿಸಿದಾಗ ನನಗೆ ಬೇಸರವಾಗುತ್ತದೆ. ದನವನ್ನೇ ನಂಬಿ ಬದುಕಿದ ಊರು ವರ್ಷಕ್ಕೊಂದು ದಿನ ದನದ ಋಣ ನೆನೆಯುವ ಹಬ್ಬ ಅದು. ನಿನ್ನ ಗೆಳತಿಯರು ಮೂಗು ಮುಚ್ಚಿಕೊಳ್ಳದೆ ನೋಡಲಿ. ವಿಡಿಯೊ ತೆಗೆಯುವುದಾದರೆ ಊರ ಹಿರಿಯರನ್ನು ಒಂದು ಮಾತು ಕೇಳಿ ತೆಗೆಯಿರಿ.

ಮಾರನೆಯ ದಿನ ದಿಂಬಂ. ಹಾಸನೂರಿನ ಮೇಲೆ ಹೋಗುವಾಗ ಕಾರಪಳ್ಳಂ ಚೆಕ್‌ಪೋಸ್ಟ್ ಸಿಗುತ್ತದೆ. ಸತ್ಯಮಂಗಲದ ಕಡೆಯ ಕಾರ್ಖಾನೆಗೆ ಕಬ್ಬು ಹೊತ್ತ ಲಾರಿಗಳು ಅಲ್ಲಿ ಸಾಲುಗಟ್ಟುತ್ತವೆ. ಅತಿಯಾಗಿ ಹೇರಿದ ಲಾರಿಗಳನ್ನು ತಡೆಯಲು ಕಬ್ಬಿಣದ ಕಮಾನು ಇದೆ, ಹೆಚ್ಚಾದ ಕಬ್ಬು ಆ ಸುತ್ತಿನಲ್ಲೇ ಬೀಳುತ್ತದೆ. ಆ ರುಚಿ ಹತ್ತಿದ ಆನೆಗಳು ರಸ್ತೆಗೇ ಬಂದು ನಿಲ್ಲುತ್ತವೆ. ತಾಯಾನೆ ಲಾರಿಯ ಹಗ್ಗದ ಸಂದಿಗೆ ಸೊಂಡಿಲು ತೂರಿಸಿ ಜಲ್ಲೆ ಎಳೆಯುತ್ತದೆ, ಕಾಲಡಿಗಿಟ್ಟು ಮುರಿಯುತ್ತದೆ. ಮರಿ ತಾಯಿಯ ಹೊಟ್ಟೆಯಡಿ ನಿಂತುಕೊಂಡು ಬಿದ್ದ ತುಂಡನ್ನು ಹೆಕ್ಕುತ್ತದೆ. ನೋಡಲು ಚೆಂದ, ನಿಜ. ಆದರೆ ಹೀಗೆ ಕಲಿತ ಮರಿ ದೊಡ್ಡದಾದ ಮೇಲೂ ಲಾರಿಯನ್ನೇ ಕಾಯುತ್ತದೆ, ಲಾರಿ ಬಾರದ ದಿನ ನಮ್ಮ ಹೊಲಕ್ಕೆ ನುಗ್ಗುತ್ತದೆ, ಒಂದು ದಿನ ರಸ್ತೆಯಲ್ಲಿ ಗಾಡಿಗೆ ಸಿಕ್ಕರೂ ಸಿಕ್ಕೀತು. ಆದ್ದರಿಂದ ಬಾಳೆಹಣ್ಣು, ಬಿಸ್ಕತ್ತು ಏನನ್ನೂ ಎಸೆಯಬೇಡಿ. ಗಾಜು ಏರಿಸಿ, ದೂರದಲ್ಲೇ ಗಾಡಿ ನಿಲ್ಲಿಸಿ ಸುಮ್ಮನಿರಿ. ಹಾರನ್ ಮಾತ್ರ ಹೊಡೆಯಲೇಬೇಡಿ. ಆನೆ ದಾಟುವವರೆಗೆ ಕಾಯುವುದೇ ಇಲ್ಲಿನ ಕ್ರಮ.

ದಿಂಬಂನಿಂದ ಬಣ್ಣಾರಿಗೆ 27 ಕೊಕ್ಕೆ ತಿರುವು. ಮೇಲಿನ ತಿರುವುಗಳಿಂದಲೇ ಬಡಗಣ ಅಂಚಿನ ನೋಟ. ಕೆಳಗೆ ಒಣಕಾಡು, ಅದರಾಚೆ ಭವಾನಿಸಾಗರದ ನೀರು, ಅದಕ್ಕೂ ಆಚೆ ನೀಲಗಿರಿ. ತಿರುವಿನಲ್ಲಿ ಗಾಡಿ ನಿಲ್ಲಿಸಲು ಬಿಡುವುದಿಲ್ಲ, ಬಿಡಲೂಬಾರದು. ಆ ಮೋಟುಗೋಡೆಗಳ ಮೇಲೆ ಕತ್ತಲಾದರೆ ಚಿರತೆ ಬಂದು ಕೂರುತ್ತದೆ. ಗಾಡಿ ಓಡಿಸುವವರು ರಸ್ತೆ ನೋಡಲಿ, ಮಿಕ್ಕವರು ಕಣಿವೆ ನೋಡಿ. ಕಾರಿಗಿಂತ ಬಸ್ಸಿನ ಕಿಟಕಿಯೇ ಇದಕ್ಕೆ ವಾಸಿ ಅಂತ ನನ್ನ ಅಭಿಪ್ರಾಯ. ಹೈಕೋರ್ಟಿನ ಆದೇಶದಂತೆ 2022ರಿಂದ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇದೆ. ಆಂಬುಲೆನ್ಸಿಗೆ, ಇಲ್ಲಿನ ನಿವಾಸಿಗಳಿಗೆ ವಿನಾಯಿತಿ ಉಂಟು. ಬೆಂಗಳೂರಿನ ಗಾಡಿಗೆ ಇಲ್ಲ. ಸಂಜೆ ಆರಕ್ಕೆ ಮುಂಚೆ ಘಾಟಿ ದಾಟಿಬಿಡಿ. ಈ ತಡೆಯಿಂದ ಎಷ್ಟೋ ರೈತರಿಗೆ ತರಕಾರಿ ಸಾಗಿಸುವುದು ಕಷ್ಟವಾಯಿತು, ನನಗೂ ಆಗಿದೆ. ಆದರೂ ರಾತ್ರಿ ಹೊತ್ತು ಲಾರಿಗೆ ಸಿಕ್ಕಿ ಸತ್ತ ಪ್ರಾಣಿಗಳನ್ನು ಕಂಡಿರುವ ನಾನು ಆ ಆದೇಶವನ್ನು ತಪ್ಪು ಅನ್ನಲಾರೆ.

ಬೆಟ್ಟ ಇಳಿದ ಕೂಡಲೇ ಬಣ್ಣಾರಿ ಅಮ್ಮನ ಗುಡಿ. ಕೈಮುಗಿದು ಹೋಗಿ. ತಮಿಳರ ಪಂಗುನಿ ತಿಂಗಳಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ, ಕೊಂಡ ಹಾಯುವಾಗ ನಮ್ಮ ಕಡೆಯ ಜನ ದಿನಗಟ್ಟಲೆ ಮೊದಲೇ ಹೋಗಿ ಸಾಲು ಹಿಡಿದು ಕೂರುತ್ತಾರೆ. ಮನುಷ್ಯರೆಲ್ಲ ಹಾಯ್ದ ಮೇಲೆ ದನಗಳನ್ನೂ ಹಾಯಿಸುತ್ತಾರೆ. ಅದನ್ನು ನೋಡಲು ಇನ್ನೊಮ್ಮೆ ಬಾ.

ಕಣಿವೆಯ ತಳ ಅಂದರೆ ಭವಾನಿಸಾಗರ. 1955ರಲ್ಲಿ ಮುಗಿದ ಮಣ್ಣಿನ ಅಣೆಕಟ್ಟು. ಕೆಳಗಿನ ಉದ್ಯಾನದಲ್ಲಿ ಅರ್ಧ ಗಂಟೆ ಸಾಕು. ನೀವು ತಿಳಿಯಬೇಕಾದದ್ದು ನೀರಿನ ಅಡಿಯಲ್ಲಿದೆ. ಹೊಯ್ಸಳರ ದಣ್ಣಾಯಕರು ಕಟ್ಟಿದ ದಣ್ಣಾಯಕನಕೋಟೆ ಈ ಜಲಾಶಯದಲ್ಲಿ ಮುಳುಗಿದೆ. ನೀರು ತಳ ಕಾಣುವ ಬೇಸಿಗೆಯಲ್ಲಿ ಮಾಧವರಾಯನ ಗುಡಿಯ ಕಲ್ಲುಕಂಬಗಳು ಮೇಲೇಳುತ್ತವೆ. ಈಗ ನೀರು ತುಂಬಿರುತ್ತದೆ, ಕಾಣುವುದಿಲ್ಲ. ಆದರೂ ಅಲ್ಲಿ ನಿಂತಾಗ ಆ ಕೋಟೆಯನ್ನು ನೆನೆಯಿರಿ.

ತೆಂಗುಮರಹಾಡಕ್ಕೆ ಹೋಗಬೇಕು, ಹರಿಗೋಲಿನಲ್ಲಿ ಹೊಳೆ ದಾಟಬೇಕು ಅಂತ ನೀನು ಪಟ್ಟಿಯ ಕೊನೆಯಲ್ಲಿ ಬರೆದಿದ್ದೀಯ. ಬೇಡ ಕೂಸೇ. ಅದು ಮೋಯಾರ್ ದಂಡೆಯ ಊರು, ಸುತ್ತ ಹುಲಿ ಕಾಡು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊರಗಿನವರನ್ನು ಬಿಡುವುದಿಲ್ಲ. ಅಲ್ಲಿನ ಜನರನ್ನು ಬೇರೆ ಕಡೆ ನೆಲೆಗೊಳಿಸುವ ಮಾತು ನಡೆಯುತ್ತಿದೆ. ಮನೆ, ಗದ್ದೆ ಬಿಡಬೇಕೋ ಏನೋ ಅಂತ ತಳಮಳದಲ್ಲಿರುವವರ ಅಂಗಳಕ್ಕೆ ನಾವು ಮೋಜಿಗೆ ಹೋಗಬಾರದು. ಯಾರೋ ಜೀಪಿನವನು ಗುಟ್ಟಾಗಿ ಕರೆದುಕೊಂಡು ಹೋಗುತ್ತೇನೆ ಅಂದರೂ ಹತ್ತಬೇಡಿ. ಆ ಊರನ್ನು ತೆಂಕಣ ಅಂಚಿನ ಮೇಲಿರುವ ಕೋಡನಾಡಿನಿಂದ ನೋಡಬಹುದು, ಅಷ್ಟು ಸಾಕು.

ಆ ಕಾಡಿನ ಒಂದು ಸಂಗತಿ ಮಾತ್ರ ಹೇಳಿಬಿಡುತ್ತೇನೆ. ದಕ್ಷಿಣದಲ್ಲಿ ರಣಹದ್ದುಗಳು ಇನ್ನೂ ಉಳಿದು ಮರಿ ಮಾಡುತ್ತಿರುವ ಕೆಲವೇ ಜಾಗಗಳಲ್ಲಿ ಮೋಯಾರ್ ಕಣಿವೆ ಒಂದು. ಬಿಳಿಬೆನ್ನಿನ ಹದ್ದು ಹೊಳೆಯಂಚಿನ ಮತ್ತಿಮರದ ಎತ್ತರದ ಕೊಂಬೆಯಲ್ಲಿ ಕಡ್ಡಿ ಜೋಡಿಸಿ ಗೂಡು ಕಟ್ಟುತ್ತದೆ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದಲೇ ದೇಶದಲ್ಲಿ ಈ ಹಕ್ಕಿಗಳು ಬಹುಪಾಲು ಅಳಿದುಹೋದವು. ಔಷಧಿ ಕೊಟ್ಟ ದನ ಸತ್ತರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. 2006ರಲ್ಲಿ ಪಶುಗಳಿಗೆ ಅದನ್ನು ಕೊಡಬಾರದು ಅಂತ ಸರ್ಕಾರ ನಿಷೇಧಿಸಿತು. ದನ ಕಟ್ಟಿದವರೆಲ್ಲ ತಿಳಿಯಬೇಕಾದ ವಿಷಯ ಇದು. ಕೋಡನಾಡಿನಲ್ಲಿ ನಿಂತಾಗ ಅಗಲ ರೆಕ್ಕೆಯ ಹಕ್ಕಿ ಬಡಿತವೇ ಇಲ್ಲದೆ ಸುತ್ತು ಹಾಕುವುದು ಕಂಡರೆ ನಿಮ್ಮ ಪುಣ್ಯ.

ತಳದಿಂದ ಮೆಟ್ಟುಪಾಳ್ಯಕ್ಕೆ ಹೋಗಿ ಕೋತಗಿರಿಯ ರಸ್ತೆ ಹಿಡಿಯಿರಿ, ಕೂನೂರಿನ ರಸ್ತೆ ಬೇಡ. ಬೆಟ್ಟದ ರೈಲಿನ ಆಸೆ ನಿನಗಿದೆ, ಗೊತ್ತು. 1908ರಿಂದ ಊಟಿಯವರೆಗೆ ಹೋಗುತ್ತಿರುವ, ಕಡಿದಾದ ಕಡೆ ಹಲ್ಲುಕಂಬಿ ಕಚ್ಚಿ ಏರುವ 46 ಕಿಲೋಮೀಟರ್ ಹಾದಿ ಅದು. ಆದರೆ ಐಪ್ಪಸಿ, ಕಾರ್ತೀಕದ, ಅಂದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮಳೆಯಲ್ಲಿ ಹಳಿಯ ಮೇಲೆ ಮಣ್ಣು ಕುಸಿದು ರೈಲು ಆಗಾಗ ನಿಲ್ಲುತ್ತದೆ. ಅದನ್ನೇ ನಂಬಿ ದಿನ ಗೊತ್ತು ಮಾಡಬೇಡ. ನೀಲಗಿರಿಗೆ ಹೊರಗಿನ ಗಾಡಿ ಹೋಗಲು 2024ರಿಂದ ಇ-ಪಾಸ್ ಬೇಕು, ಬೆಂಗಳೂರಿನಲ್ಲಿರುವಾಗಲೇ ಮಾಡಿಸಿಕೋ. ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಅಲ್ಲಿ ಬಿಡುವುದಿಲ್ಲ, ಸ್ಟೀಲ್ ಬಾಟಲಿ ತನ್ನಿ.

ಕೋತಗಿರಿಯಲ್ಲಿ ರಾತ್ರಿ ಉಳಿದು, ಬೆಳಗ್ಗೆ ಬೇಗನೆ ಕೋಡನಾಡಿಗೆ ಹೊರಡಿ. ಹತ್ತಿರ ಇಪ್ಪತ್ತು ಕಿಲೋಮೀಟರ್, ಉದ್ದಕ್ಕೂ ಚಹಾ ತೋಟ. ಮಧ್ಯಾಹ್ನವಾದರೆ ಮಂಜು ಮೇಲೇರಿ ಏನೂ ಕಾಣದೆ ಹೋಗಬಹುದು. ಅಂಚಿನಲ್ಲಿ ನಿಂತರೆ ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ನೆಲ ಇಳಿದುಹೋಗಿರುತ್ತದೆ. ತಳದಲ್ಲಿ ಮೋಯಾರ್ ಹೊಳೆ ಉಡಿದಾರದಂತೆ ಕಾಣುತ್ತದೆ. ಅದರ ಪಕ್ಕದ ಹಸಿರು ತುಂಡೇ ತೆಂಗುಮರಹಾಡದ ಗದ್ದೆ. ಮಗ್ಗುಲಲ್ಲಿ ರಂಗಸ್ವಾಮಿ ಬೆಟ್ಟ, ಬಲಗಡೆ ದೂರದಲ್ಲಿ ಜಲಾಶಯದ ಹೊಳಪು, ಎದುರಿಗೆ ನೀವು ಇಳಿದು ಬಂದ ದಿಂಬಂ ಸಾಲು. ನಿಮಗೆ ಮೇಲೆ ಸ್ವೆಟರ್ ಬೇಕು, ಕೆಳಗೆ ಬಿಸಿಲಲ್ಲಿ ಕೃಷ್ಣಮೃಗ ಮೇಯುತ್ತಿರುತ್ತದೆ. ಒಂದು ಗಂಟೆಯಾದರೂ ಅಲ್ಲಿ ಕೂತಿರಿ. ಎಲ್ಲೆಲ್ಲಿ ಹಾದುಬಂದಿರಿ ಅಂತ ಬೆರಳಿಟ್ಟು ಒಬ್ಬರಿಗೊಬ್ಬರು ತೋರಿಸಿ.

ಮಿಕ್ಕ ಹೊತ್ತಿನಲ್ಲಿ ಕ್ಯಾಥರಿನ್ ಜಲಪಾತ ನೋಡಬಹುದು, ಮಳೆಯ ಮೇಲೆ ಚೆನ್ನಾಗಿರುತ್ತದೆ. ಕಣ್ಣೇರಿಮುಕ್ಕಿನಲ್ಲಿ ಬ್ರಿಟಿಷರ ಕಾಲದ ಕೊಯಮತ್ತೂರು ಕಲೆಕ್ಟರ್ ಸಲಿವನ್ ದೊರೆ ಕಟ್ಟಿಸಿದ ಬಂಗಲೆ ಈಗ ಮ್ಯೂಸಿಯಂ ಆಗಿದೆ. ಅದಕ್ಕಿಂತ ಯಾವುದಾದರೂ ಬಡಗರ ಹಟ್ಟಿಗೆ ಹೋಗಿ ಬನ್ನಿ ಅನ್ನುವುದು ನನ್ನ ಆಸೆ. ಅಲ್ಲಿ ಇಂಗ್ಲಿಷ್ ತೆಗೆಯಬೇಡ. ನಿಧಾನವಾಗಿ ನಮ್ಮ ಕನ್ನಡದಲ್ಲೇ ಮಾತಾಡು, ಮುದುಕಿಯರು ಬಾಯಿತುಂಬ ಉತ್ತರ ಕೊಡುತ್ತಾರೆ. ಗುಡಿಯ ಅಂಗಳಕ್ಕೆ ಕರೆಯದೆ ಹೋಗಬೇಡಿ, ಚಪ್ಪಲಿ ಹೊರಗೇ ಬಿಡಿ.

ವಾಪಸ್ಸು ಬರುವಾಗ ಬಂಡೀಪುರದ ಮೇಲೆ ಬರುವುದಾದರೆ ಅಲ್ಲಿಯೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ. ಬಂದ ದಾರಿಯಲ್ಲೇ ತಿರುಗಿ ದಿಂಬಂ ಹತ್ತಿ ಬಂದರೆ ಇನ್ನೂ ಒಳ್ಳೆಯದು, ಇಳಿಯುವಾಗ ಬೆನ್ನ ಹಿಂದಿದ್ದದ್ದು ಹತ್ತುವಾಗ ಕಣ್ಣೆದುರು ಬರುತ್ತದೆ.

ಘಾಟಿಯಲ್ಲಿ ಗಾಡಿ ಓಡಿಸಿ ರೂಢಿಯಿರುವವರು ನಿಮ್ಮಲ್ಲಿ ಯಾರು ಅಂತ ತಿಳಿಸು. ಯಾರಿಗೂ ಇಲ್ಲದಿದ್ದರೆ ಇಲ್ಲಿಂದಲೇ ಪರಿಚಯದ ಡ್ರೈವರನ್ನು ಹೇಳುತ್ತೇನೆ, ನಾಚಿಕೆಪಡಬೇಡ. ನಿನ್ನ ಅಪ್ಪನಿಗೂ ಬರಲು ಹೇಳು, ಅವನು ಗೊರೆಹಬ್ಬ ನೋಡಿ ಬಹಳ ವರ್ಷವಾಯಿತು. ಹೊರಡುವ ದಿನ ಗೊತ್ತಾದ ಕೂಡಲೇ ಫೋನ್ ಮಾಡು, ಚಾಮರಾಜನಗರ ದಾಟುವಾಗ ಇನ್ನೊಮ್ಮೆ ಮಾಡು, ಕಾಡಿನೊಳಗೆ ಸಿಗ್ನಲ್ ಸಿಗುವುದಿಲ್ಲ.

ಇತಿ ನಿನ್ನ
ದೊಡ್ಡಪ್ಪ