ಹಾಸಿಗೆ ಹಿಡಿದವರ ಮನೆಗೆ ಹೋಗಬೇಕಿದೆ, ಕೈಜೋಡಿಸಿ

ಪ್ರಿಯ ಭಕ್ತರೇ, ಊರಿನ ಬಂಧುಗಳೇ,

ಜನವರಿ 16 ಸಂತ ಜೋಸೆಫ್ ವಾಜ್ ಅವರ ಹಬ್ಬ. ಈ ಸಲ ಲೈಟಿಂಗ್, ಬ್ಯಾಂಡು ಎರಡನ್ನೂ ಕಡಿಮೆ ಮಾಡಿದ್ದೇವೆ. ಯಾಕೆ ಅಂತ ಕೆಲವರು ಕೇಳಿದರು. ಹಾಸಿಗೆ ಹಿಡಿದವರ ಸೇವೆಗೆ ದುಡ್ಡು ಬೇಕಿದೆ, ಅದಕ್ಕೇ ಈ ಪತ್ರ.

ವಾಜ್ ನಮಗೆ ದೂರದವರೇನಲ್ಲ. 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದ ಕಥೋಲಿಕ ಪಾದ್ರಿ. 1681ರಿಂದ ಸುಮಾರು ಮೂರು ವರ್ಷ ನಮ್ಮ ಕೆನರಾದಲ್ಲೇ, ಅಂದರೆ ಈ ಕರಾವಳಿಯಲ್ಲೇ ಇದ್ದರು. ಮಂಗಳೂರು ಹತ್ತಿರದ ಮುಡಿಪಿನ ಗುಡ್ಡದಲ್ಲಿ ಅವರಿಂದಲೇ ನೀರಿನ ಸೆಲೆ ಹುಟ್ಟಿತು ಅನ್ನೋದು ಜನರ ನಂಬಿಕೆ.

ನಮ್ಮ ರೋಗಿಗಳ ಸೇವಾ ಗುಂಪಿಗೆ ಮಾತ್ರ ಶ್ರೀಲಂಕಾದ ಕ್ಯಾಂಡಿಯ ಕಥೆಯೇ ಜಾಸ್ತಿ ಹತ್ತಿರ. ಆಗ ಡಚ್ಚರು ಸಿಲೋನಿಗೆ (ಈಗಿನ ಶ್ರೀಲಂಕಾಕ್ಕೆ) ಕಥೋಲಿಕ ಪಾದ್ರಿಗಳನ್ನು ಬಿಡುತ್ತಿರಲಿಲ್ಲ. 1687ರಲ್ಲಿ ವಾಜ್ ಕೂಲಿಯವನ ವೇಷ ಹಾಕಿ, ಬರಿಗಾಲಲ್ಲಿ ಹೊರಟರು. ಜಾಫ್ನಾಕ್ಕೆ ಇಳಿಯುವಷ್ಟರಲ್ಲಿ ಆಮಶಂಕೆ ಹಿಡಿದು ನೆಲ ಹಿಡಿದರು. ಹೇಗೋ ಉಳಿದುಕೊಂಡರು. ಮುಂದೆ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಅಂತ ಅಲ್ಲಿನ ರಾಜ ಅವರನ್ನು ಸೆರೆಗೆ ಹಾಕಿಸಿದ. ಅದೇ ಊರಿಗೆ 1697ರಲ್ಲಿ ಸಿಡುಬು ಬಂತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ವಾಜ್ ಓಡಲಿಲ್ಲ. ಹುಣ್ಣು ತೊಳೆದರು, ಊಟ ಕೊಟ್ಟರು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮ ಅಂತ ಕೇಳಲಿಲ್ಲ. ಮೇಲಿನ ಪದವಿ ಕೊಡಲು ಬಂದಾಗ ಬೇಡ ಅಂದರು. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡರು. ಪೋಪ್ ಫ್ರಾನ್ಸಿಸ್ ಕೊಲಂಬೊಗೆ ಬಂದು ಅವರನ್ನು ಸಂತರೆಂದು ಘೋಷಿಸಿದ್ದು 2015ರ ಜನವರಿ 14ರಂದು. ಮುನ್ನೂರು ವರ್ಷ ಕಾಯಬೇಕಾಯಿತು ನೋಡಿ!

ಈಗ ನಮ್ಮ ವಿಷಯ. ನಮ್ಮ ಇಗರ್ಜಿಯ (ಚರ್ಚಿನ) ಸುತ್ತಮುತ್ತ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರು ಬಹಳ ಇದ್ದಾರೆ. ಗಲ್ಫಿನಲ್ಲಿರುವ ಮಕ್ಕಳು ದುಡ್ಡೇನೋ ಕಳಿಸುತ್ತಾರೆ. ಆದರೆ ಮಗ್ಗುಲು ತಿರುಗಿಸೋಕೆ ಮನೆಯಲ್ಲಿ ಜನ ಇಲ್ಲ. ದುಡ್ಡು ಕಳಿಸುವವರೂ ಇಲ್ಲದ ಮನೆಗಳ ಕಷ್ಟ ಕೇಳಲೇಬೇಡಿ. ನಮ್ಮ ಕೆಲವು ಹೆಂಗಸರು, ಹುಡುಗರು ಸೇರಿ ಇಂಥ ಮನೆಗಳಿಗೆ ಹೋಗುತ್ತಾರೆ. ಮೈ ಒರೆಸುತ್ತಾರೆ, ಬೆನ್ನುಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಸ್ವಲ್ಪ ಹೊತ್ತು ಸುಮ್ನೆ ಕೂತು ಮಾತಾಡುತ್ತಾರೆ. ಇವರು ಯಾರೂ ಸಂಬಳ ತೆಗೆದುಕೊಳ್ಳುವುದಿಲ್ಲ. ಖರ್ಚು ಬರುವುದು ಏರ್ ಬೆಡ್, ಡೈಪರ್, ಹತ್ತಿ, ಮುಲಾಮು, ಆಟೋ ಬಾಡಿಗೆಗೆ. ಡೈಪರ್‌ಗೇ ಎಷ್ಟು ಬೇಕಾಗುತ್ತದೆ ಅಂತ ಮನೆಯಲ್ಲಿ ರೋಗಿ ಇದ್ದವರಿಗೆ ಗೊತ್ತು, ಅಲ್ವಾ?

ನೂರು ರೂಪಾಯಿ ಕೊಟ್ಟರೂ ಸಂತೋಷ. ನೊವೆನಾದ (ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ) ದಿನಗಳಲ್ಲಿ ಇಗರ್ಜಿಯ ಬಾಗಿಲ ಬಳಿ ಬೇರೆಯೇ ಡಬ್ಬಿ ಇಟ್ಟಿರುತ್ತೇವೆ. ಕಚೇರಿಯಲ್ಲಿ ಕೊಟ್ಟರೆ ರಸೀದಿ ಕೇಳಿ ಪಡೆಯಿರಿ. ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಅಟ್ಟದಲ್ಲಿ ಹಳೆಯ ವೀಲ್‌ಚೇರ್, ವಾಕರ್ ಬಿದ್ದಿದ್ದರೆ ಅದನ್ನೂ ಕೊಡಿ. ಚಕ್ರ ಹೋಗಿದ್ದರೂ ಪರವಾಗಿಲ್ಲ, ರಿಪೇರಿ ಮಾಡುವ ಹುಡುಗರು ನಮ್ಮಲ್ಲೇ ಇದ್ದಾರೆ.

ಇತಿ,
ರೋಗಿಗಳ ಸೇವಾ ಗುಂಪು