ಕಾಫಿ ಪಲ್ಪಿಂಗ್ ನೀರು ಹೊಳೆಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಸಿದ್ದಾಪುರದ ಬಳಿ ಕಾವೇರಿಯಲ್ಲಿ ನಾವು ಐದಾರು ಮಂದಿ ಗೆಳೆಯರು ಹಲವು ವರ್ಷಗಳಿಂದ ಈಜುತ್ತಿದ್ದೇವೆ. ಮಳೆಗಾಲದಲ್ಲಿ ಹೊಳೆಯ ಹತ್ತಿರವೂ ಸುಳಿಯುವುದಿಲ್ಲ. ತುಲಾ ಸಂಕ್ರಮಣ ಕಳೆದು, ಕೆಂಪು ನೀರು ತಿಳಿಯಾದ ಮೇಲೆ, ದಡದಲ್ಲಿ ಆನೆಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ಲಾರಿ ಟ್ಯೂಬೊಂದನ್ನು ಜತೆಗಿಟ್ಟುಕೊಂಡೇ ಇಳಿಯುತ್ತೇವೆ.

ಮೈಗೆ ವ್ಯಾಯಾಮವಾಗಲೆಂದು ಹೋದವರಿಗೆ ನೀರೊಳಗಿನವರ ಪರಿಚಯವೂ ನಿಧಾನವಾಗಿ ಆಯಿತು. ಬಂಡೆಗೆ ಬಾಯಿ ಅಂಟಿಸಿಕೊಂಡು ಪಾಚಿ ಮೇಯುವ ಸಣ್ಣ ಮೀನುಗಳು, ನಾವು ಸುಮ್ಮನೆ ನಿಂತರೆ ಕಾಲಿಗೂ ಬಾಯಿ ಹಾಕುತ್ತವೆ. ಕಲ್ಲಿನ ಸಂದಿಗಳಲ್ಲಿ ಏಡಿಗಳಿವೆ. ನೀರಿನಿಂದ ಮೇಲೆದ್ದ ಬಂಡೆಗಳಿಗೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆದು, ಹೊರಬಂದು ಕಳಚಿಟ್ಟ ಪೊರೆಗಳು ಅಂಟಿಕೊಂಡಿರುತ್ತವೆ. ಮರಳಿನ ಮೇಲೆ ಏಡಿಚಿಪ್ಪು, ಮೀನಿನ ಹುರುಪೆ ಬೆರೆತ ಹಿಕ್ಕೆ ಕಂಡರೆ ರಾತ್ರಿ ನೀರುನಾಯಿಗಳು ಬಂದು ಹೋದವೆಂದು ತಿಳಿಯುತ್ತೇವೆ. ಆಳದ ಗುಂಡಿಗಳಲ್ಲಿ ಮಹಶೀರ್ ಮೀನು ಕಾಣಿಸುವುದುಂಟು. ಆದರೆ ನಾವು ಈವರೆಗೆ ಕಂಡದ್ದೆಲ್ಲ, ಹೊರಗಿನಿಂದ ತಂದು ಈ ಹೊಳೆಗೆ ಬಿಟ್ಟ ನೀಲಿ ರೆಕ್ಕೆಯ ಜಾತಿಯೇ. ಕಾವೇರಿ ಜಲಾನಯನಕ್ಕೇ ಸೇರಿದ, ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಮಹಶೀರ್ ಯಾವ ಜಾತಿಯದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅಷ್ಟು ಹೊತ್ತಿಗಾಗಲೇ ಅದು ಅಳಿವಿನ ಅಂಚಿಗೆ ಬಂದಿತ್ತು.

ಕಳೆದ ಜನವರಿಯ ಒಂದು ಬೆಳಿಗ್ಗೆ ನೀರಿಗಿಳಿದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ದಡದ ಗುಂಟ ಕಂದು ಬಣ್ಣದ ನೊರೆ ನಿಂತಿತ್ತು. ಹಗಲಿನಲ್ಲಿ ಅಡಗಿರಬೇಕಾದ ಏಡಿಗಳು ಬಂಡೆಗಳ ಮೇಲೆ ಹತ್ತಿ ಕುಳಿತಿದ್ದವು. ಸಣ್ಣ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಮೇಲ್ಭಾಗದ ಕಾಫಿ ತೋಟವೊಂದರ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು, ತೋಡಿನ ಮೂಲಕ ನೇರ ಹೊಳೆಗೆ ಸೇರುತ್ತಿದ್ದುದನ್ನು ಆ ಮಧ್ಯಾಹ್ನ ನಾವೇ ನಡೆದುಹೋಗಿ ಕಂಡೆವು.

ನಾನೂ ಸಣ್ಣ ಕಾಫಿ ಬೆಳೆಗಾರನೇ ಆದ್ದರಿಂದ ಇದನ್ನು ಬೆಳೆಗಾರರ ಮೇಲಿನ ದೂರೆಂದು ಯಾರೂ ಭಾವಿಸಬಾರದು. ಹಣ್ಣಿನ ಸಿಪ್ಪೆ ಬಿಡಿಸಿ ಬೀಜದ ಲೋಳೆ ತೊಳೆದ ನೀರಿನಲ್ಲಿ ಸಕ್ಕರೆಯ ಅಂಶ ಹೇರಳವಾಗಿರುತ್ತದೆ. ಅದು ಹುಳಿತು ಆಮ್ಲವಾಗುತ್ತದೆ, ಮತ್ತು ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮಳೆಗಾಲದಲ್ಲಾದರೆ ತುಂಬಿದ ಹೊಳೆ ಇದನ್ನು ಎಷ್ಟೋ ತೆಳುವಾಗಿಸುತ್ತಿತ್ತೇನೋ. ಆದರೆ ನಮ್ಮಲ್ಲಿ ಅರೇಬಿಕಾ ಕುಯ್ಲು, ಪಲ್ಪಿಂಗ್ ನಡೆಯುವುದೇ ಹೊಳೆ ಸೊರಗುವ ತಿಂಗಳುಗಳಲ್ಲಿ. ಮೀನಿಗೆ ಆಗ ಉಳಿಯುವುದು ಗುಂಡಿಗಳು ಮಾತ್ರ.

ತೊಳೆದ ನೀರನ್ನು ತೋಟದೊಳಗಿನ ತೊಟ್ಟಿಗಳಲ್ಲಿ ತಡೆದು, ಸುಣ್ಣ ಬೆರೆಸಿ ಹುಳಿ ತಗ್ಗಿಸಿ, ಹಲವು ದಿನ ನಿಲ್ಲಿಸುವುದು ಹೊಸ ವಿದ್ಯೆಯೇನಲ್ಲ. ಕಡಿಮೆ ನೀರು ಬೇಡುವ ಪಲ್ಪರ್ ಯಂತ್ರಗಳೂ ಇವೆ. ತೊಟ್ಟಿಗೆ ಜಾಗವಾಗಲಿ ಹಣವಾಗಲಿ ಇಲ್ಲದ ಸಣ್ಣವರು ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರಿ ಮಾಡಬಹುದು; ನಾನು ಮಾಡುತ್ತಿರುವುದೂ ಅದನ್ನೇ, ಬೆಲೆ ಸ್ವಲ್ಪ ಕಡಿಮೆ ಸಿಕ್ಕರೂ.

ಹೊಳೆಗೆ ಮಾಲಿನ್ಯ ಬಿಡುವುದನ್ನು 1974ರ ಜಲಮಾಲಿನ್ಯ ಕಾಯ್ದೆಯೇ ನಿಷೇಧಿಸಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಪಲ್ಪರ್ ಓಡುವ ಹೊತ್ತಿನಲ್ಲಿಯೇ, ತೋಡುಗಳು ಹೊಳೆ ಸೇರುವ ಬಾಯಿಗಳಲ್ಲಿ ನೀರನ್ನು ಪರೀಕ್ಷಿಸಬೇಕು. ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸಬೇಕು. ದಡಗಳಲ್ಲಿ ಈಜು ನಿಷೇಧದ ಫಲಕ ನೆಟ್ಟಿರುವಷ್ಟು ಶ್ರದ್ಧೆ ಇದಕ್ಕೂ ಸಾಕು. ಈ ಸಲದ ಕುಯ್ಲಿಗೆ ಮೊದಲೇ ಇದಾಗಲೆಂದು ಕೋರುತ್ತೇನೆ.

– ಓರ್ವ ಬೆಳೆಗಾರ, ಸಿದ್ದಾಪುರ, ಕೊಡಗು