ತಪ್ಪು ಬರೆದೇನು ಅನ್ನುವ ಮಗಳಿಗೆ

ಸಾಗರ
ಪುನರ್ವಸು ಮಳೆ, ಬುಧವಾರ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ಮನೆಯ ಸುದ್ದಿ ನಿನ್ನ ಅಮ್ಮ ಫೋನಿನಲ್ಲಿ ಹೇಳಿರ್ತಾಳೆ, ಅದನ್ನ ಬಿಡ್ತೀನಿ. ಕೊನೆಯಲ್ಲಿ, ಸಹಿಯ ಮೇಲೆ, ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ: ‘ಮ್ಯೂಸಿಯಂನ ಕಲ್ಲುಗಳ ಫಲಕಕ್ಕೆ ಕಾಲ ಬರೆದುಕೊಡಬೇಕು ದೊಡ್ಡಪ್ಪ, ಕೈಯೇ ಓಡಲ್ಲ. ನಾನು ತಪ್ಪು ಬರೆದರೆ ಇನ್ನು ನೂರು ವರ್ಷ ಅದೇ ನಿಜ ಅಂತ ಉಳಿದುಬಿಡುತ್ತೆ.’ ಅದನ್ನ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ಹೆದರಿಕೆ ಸುಳ್ಳಲ್ಲ. ಫಲಕ ನೋಡಿ ಪತ್ರಿಕೆಯವರು ಬರೀತಾರೆ, ಪತ್ರಿಕೆ ನೋಡಿ ಪುಸ್ತಕದವರು, ಪುಸ್ತಕ ನೋಡಿ ಇನ್ನೊಂದು ಮ್ಯೂಸಿಯಂನವರು. ‘ಸುಮಾರು’ ಅನ್ನೋ ಪದ ಮೊದಲ ನಕಲಿನಲ್ಲೇ ಉದುರಿಹೋಗುತ್ತೆ. ‘ಸುಮಾರು 12ನೇ ಶತಮಾನದ ನಡುಭಾಗ’ ಅಂತ ನೀನು ಬರೆದದ್ದು ಮೂರನೇ ಕೈಗೆ ಹೋಗೋ ಹೊತ್ತಿಗೆ ‘1150’ ಆಗಿರುತ್ತೆ. ಆದರೆ ಮಗಾ, ಹೆದರಿ ಕಡಿಮೆ ಬರೆದರೆ ಕಲ್ಲಿಗೆ ಆಗೋ ನಷ್ಟ ಅದಕ್ಕಿಂತ ದೊಡ್ಡದು. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ.

‘ಸುಮಾರು’ ಒಂದನ್ನೇ ನಂಬಬೇಡ, ಕಾರಣವನ್ನೂ ಫಲಕದಲ್ಲೇ ಬರಿ. ‘12–13ನೇ ಶತಮಾನ, ಲಿಪಿ ನೋಡಿ ಹೇಳಿದ್ದು’ ಅಂತಲೋ, ‘ಶೈಲಿ ನೋಡಿ ಹೇಳಿದ್ದು’ ಅಂತಲೋ. ಮೂರು ಪದ ಹೆಚ್ಚು, ಅಷ್ಟೇ. ಮುಂದೆ ಬರುವವರಿಗೆ ಯಾವ ಎಳೆ ಹಿಡಿದು ಎಳೆದು ನೋಡಬೇಕು ಅನ್ನೋದು ಗೊತ್ತಾಗುತ್ತೆ. ಬರೀ ಲಿಪಿಯಿಂದಲೋ ಶೈಲಿಯಿಂದಲೋ ಹೇಳುವಾಗ ಐವತ್ತು ವರ್ಷಕ್ಕಿಂತ ಕಿರಿದಾದ ಅಂತರ ಕೊಡಬೇಡ. ಇದು ನಿನಗೆ ಗೊತ್ತಿರೋದೇ ಇರಬಹುದು, ಬೇಜಾರು ಮಾಡ್ಕೋಬೇಡ.

ನೀನು ಹೇಳಿದ ವೀರಗಲ್ಲಿನ ವಿಷಯಕ್ಕೆ ಬರ್ತೀನಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನ ಕರೆದೊಯ್ಯೋದು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಈ ಮೂರು ಹಂತ ನಮ್ಮ ಕಡೆಯ ಎಷ್ಟೋ ಕಲ್ಲುಗಳಲ್ಲಿ ಒಂದೇ ಥರ, ಅದನ್ನೇ ನೋಡ್ತಾ ಕೂತರೆ ಕಾಲ ಸಿಗಲ್ಲ. ಹಂತಗಳ ನಡುವಿನ ಅಡ್ಡಪಟ್ಟಿ ನೋಡು, ಬರಹ ಇರೋದು ಅಲ್ಲಿ. ಸವೆದುಹೋಗಿದೆ ಅಂದಿದ್ದೀಯ. ಕೋಣೆ ಪೂರ್ತಿ ಕತ್ತಲೆ ಮಾಡಿ, ಟಾರ್ಚನ್ನ ಕಲ್ಲಿನ ಮೈಗೆ ತಾಗಿಯೇ ಹೋಗುವ ಹಾಗೆ, ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹಿಡಿ. ಎಡಗಡೆಯಿಂದ ಒಂದು ಫೋಟೊ, ಮೇಲಿನಿಂದ ಒಂದು, ಬಲಗಡೆಯಿಂದ ಒಂದು. ಕ್ಯಾಮೆರಾ ಮಾತ್ರ ಅಲುಗಬಾರದು. ಒಂದು ದಿಕ್ಕಿನ ಬೆಳಕಿಗೆ ಕಾಣದ ಗೀರು ಇನ್ನೊಂದರಲ್ಲಿ ಕಾಣುತ್ತೆ. ಸೀಮೆಸುಣ್ಣ ಉಜ್ಜೋದು, ಹಿಟ್ಟು ಬಳಿಯೋದು ಬೇಡವೇ ಬೇಡ. ಬಳಪದ ಕಲ್ಲು ಉಗುರಿಗೂ ಸೋಲುತ್ತೆ, ಉಜ್ಜಿದ ಕೈಯೇ ಅಕ್ಷರವನ್ನ ತಿನ್ನುತ್ತೆ. ಪದರ ಎದ್ದ ಕಲ್ಲಾದರೆ ಕಾಗದ ಒತ್ತಿ ತೆಗೆಯುವ ಪಡಿಯಚ್ಚೂ ಬೇಡ. ಒದ್ದೆ ಕಾಗದದ ಮೇಲೆ ಬ್ರಷ್ಷಿನಿಂದ ಬಡಿಯುವಾಗ ಸಡಿಲವಾದ ಚಕ್ಕೆ ಕಾಗದದ ಜೊತೆಗೇ ಬಂದುಬಿಡುತ್ತೆ.

ಶಕವರ್ಷ ಸಿಕ್ಕರೆ 78 ಸೇರಿಸು, ಇಸವಿ ಸಿಗುತ್ತೆ. ಮಾಘ, ಫಾಲ್ಗುಣದ ತಿಥಿ ಇದ್ದರೆ ಹೆಚ್ಚಾಗಿ 79. ಅಷ್ಟಕ್ಕೇ ನಿಲ್ಲಿಸಬೇಡ, ಸಂವತ್ಸರಕ್ಕೂ ತಾಳೆ ಹಾಕು. 1987ರ ಯುಗಾದಿಗೆ ಪ್ರಭವ ಶುರುವಾಯ್ತು. ಅಲ್ಲಿಂದ ಅರವತ್ತರ ಹದಿನಾರು ಸುತ್ತು ಹಿಂದೆ ಹೋದರೆ 1027, ಅದೂ ಪ್ರಭವ. ಅಲ್ಲಿಂದ ಇಪ್ಪತ್ತು ವರ್ಷ ಮುಂದೆ ಬಂದರೆ 1047, ಇಪ್ಪತ್ತೊಂದನೆಯ ಸಂವತ್ಸರ, ಸರ್ವಜಿತು. ಶಕ 969 ಅಂದರೆ ಅದೇ ವರ್ಷ, ಬಳ್ಳಿಗಾವಿಯ ಗಂಡಭೇರುಂಡ ಕಂಬದ ವರ್ಷ. ಅಂಕಿ ಸವೆದು ಸಂವತ್ಸರದ ಹೆಸರಷ್ಟೇ ಉಳಿದಿದ್ದರೂ ಕೈಚೆಲ್ಲಬೇಡ. ಸರ್ವಜಿತು ಒಂದೇ ಸಿಕ್ಕರೆ 1047, 1107, 1167 ಹೀಗೆ ಅರವತ್ತು ವರ್ಷದ ಅಂತರದ ಕೆಲವೇ ವರ್ಷ ಉಳಿಯುತ್ತವೆ. ಅರಸನ ಹೆಸರು, ಲಿಪಿಯ ತಿರುವು ಅವುಗಳಲ್ಲಿ ಒಂದನ್ನ ಆರಿಸಿಕೊಡುತ್ತವೆ. ಎರಡರ ನಡುವೆ ಆರಿಸೋಕೆ ಆಗದಿದ್ದರೆ ಎರಡೂ ವರ್ಷ ಬರಿ. ಫಲಕದ ಮೇಲೆ ಎರಡು ವರ್ಷ ಇದ್ದರೆ ಯಾರೂ ನಗಲ್ಲ.

ಗುಡಿಯ ವರ್ಷವನ್ನ ಮೂರ್ತಿಗೆ ಅಂಟಿಸೋ ತಪ್ಪು ಮಾತ್ರ ಮಾಡಬೇಡ. ಅಮೃತಾಪುರದ ಗುಡಿ 1196ರದು. ಅಲ್ಲಿಂದ ಬಂದದ್ದು ಅಂತ ಯಾರೋ ಹೇಳಿದ ಮೂರ್ತಿ ಅದಕ್ಕಿಂತ ಹಿಂದಿನದಿರಬಹುದು, ಭಿನ್ನವಾದದ್ದರ ಬದಲಿಗೆ ಮುನ್ನೂರು ವರ್ಷದ ಮೇಲೆ ಕೂರಿಸಿದ್ದೂ ಇರಬಹುದು. ವೀರಗಲ್ಲಿನ ಮಟ್ಟಿಗೆ ನೀನು ಅದೃಷ್ಟವಂತೆ. ಚಿತ್ರ, ಬರಹ ಎರಡೂ ಸಾಮಾನ್ಯವಾಗಿ ಒಂದೇ ಹೊತ್ತಿನ ಕೆಲಸ. ಶಿಲ್ಪಿಯ ಹೆಸರಿನ ವಿಷಯವೂ ಹಾಗೇ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಮದನಿಕೆಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಹಾಗಂತ ಬಳ್ಳಿಗಾವಿಯ ಸುತ್ತ ಸಿಕ್ಕ ಹೆಸರಿಲ್ಲದ ಚೆಲುವಾದ ಮೂರ್ತಿಗಳೆಲ್ಲ ದಾಸೋಜನವಲ್ಲ. ಹೆಸರು ಕೆತ್ತಿದ್ದರೆ ಹೆಸರು, ಇಲ್ಲದಿದ್ದರೆ ಇಲ್ಲ.

ಊರು ಗೊತ್ತಿಲ್ಲ ಅಂತ ಬರೆದಿದ್ದೀಯ. ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕಾ, ನಿಮ್ಮ ಲೈಬ್ರರಿಯಲ್ಲಿ ಇದ್ದೇ ಇರುತ್ತೆ. 1902ರ ಏಳನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 1904ರ ಎಂಟರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಅದರಲ್ಲಿ ಪ್ರತಿ ಶಾಸನದ ತಲೆಯ ಮೇಲೆ ಆಗ ಕಲ್ಲು ಎಲ್ಲಿತ್ತು ಅನ್ನೋದು ಇದೆ: ಇಂಥ ಊರು, ಇಂಥ ಗುಡಿಯ ಹತ್ತಿರ, ಎರಡನೇ ವೀರಗಲ್ಲು, ಹೀಗೆ. ನಿನ್ನ ಕಲ್ಲಿನಲ್ಲಿ ಆರೇಳು ಅಕ್ಷರ ಗಟ್ಟಿಯಾಗಿ ಓದಿಕೊಂಡರೆ ಅದೇ ಪಾಠ ಅಲ್ಲಿ ಸಿಕ್ಕೀತು. ಸಿಕ್ಕರೆ ಕಲ್ಲಿಗೆ ಅದರ ಊರು ವಾಪಸು ಬಂದಂತೆ. ಅಲ್ಲಿ ಇಲ್ಲದಿದ್ದರೆ ಮೈಸೂರು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳು. ಬರಹವೇ ಇಲ್ಲದ ಮೂರ್ತಿಗಾದರೆ ಗುರುಗ್ರಾಮದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಫೋಟೊ ಸಂಗ್ರಹ ನೋಡು. ಮೂರ್ತಿ ಇನ್ನೂ ಗುಡಿಯಲ್ಲೇ ಇದ್ದಾಗ ತೆಗೆದ ಚಿತ್ರ ಇದ್ದರೂ ಇರಬಹುದು. ಕಾಲದ ಚಿಂತೆ ಅರ್ಧ ಅಲ್ಲೇ ಇಳಿಯುತ್ತೆ, ಕದ್ದ ಮಾಲೋ ಅನ್ನೋದೂ ಅಲ್ಲೇ ಬಯಲಾಗುತ್ತೆ.

ಕಡಿಮೆ ಬರೆದರೆ ನಷ್ಟ ಯಾಕೆ ದೊಡ್ಡದು ಅಂತ ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ, ಅದು ಈಗ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆದ ಮೇಲೆ ಶರಾವತಿ ಕಡೆಯ ಎಷ್ಟೋ ಊರು ನೀರಿನಡಿ ಹೋಯ್ತು. ಆಮೇಲೆ ಎಷ್ಟೋ ವರ್ಷಕ್ಕೆ, ನಾನು ಕೆಲಸ ಮಾಡ್ತಿದ್ದ ಕಡೆ ಆ ಸೀಮೆಯ ಒಂದು ವೀರಗಲ್ಲು ಬಂತು. ತಂದುಕೊಟ್ಟ ಅಜ್ಜ ಊರಿನ ಹೆಸರು ಹೇಳಿದ್ದರು. ಅವರು ಹೇಳೋದು ಸರಿಯೋ ಇಲ್ಲವೋ, ದಾಖಲೆ ಇಲ್ಲದೆ ಹೇಗೆ ಬರೆಯಲಿ ಅಂತ ರಿಜಿಸ್ಟರಿನಲ್ಲಿ ‘ಸಾಗರ ತಾಲೂಕು’ ಅಂತಷ್ಟೇ ಬರೆದೆ. ತಪ್ಪು ಬರೆಯಲಿಲ್ಲ ಮಗಾ, ನಿನ್ನ ಹಾಗೇ ತಪ್ಪಿಗೆ ಹೆದರಿದ್ದೆ. ಅಜ್ಜ ಹೋದರು, ಊರಂತೂ ಮೊದಲೇ ಹೋಗಿತ್ತು. ತಪ್ಪು ಹೆಸರನ್ನೇ ಬರೆದಿದ್ದರೂ ಯಾರಾದರೂ ತಾಳೆ ನೋಡಿ ತಿದ್ದುತ್ತಿದ್ದರು. ಖಾಲಿ ಬಿಟ್ಟ ಜಾಗವನ್ನ ಏನಂತ ತಿದ್ದೋದು?

ಅದಕ್ಕೇ ನಿನ್ನ ಕಡತದಲ್ಲಿ ಕಲ್ಲಿನಲ್ಲೇ ಕಂಡದ್ದು ಒಂದು ಕಡೆ ಇರಲಿ, ನಿನ್ನ ಊಹೆ ಬೇರೆ ಕಡೆ ಇರಲಿ, ಜನ ಹೇಳಿದ್ದು ಇನ್ನೊಂದು ಕಡೆ. ಒಂದೊಂದರ ಎದುರಿಗೂ ಹೇಳಿದವರು ಯಾರು, ತಾರೀಕು ಏನು, ಯಾವುದರ ಮೇಲಿಂದ ಹೇಳಿದ್ದು ಅನ್ನೋದು ಬೇಕು. ಹಳೆಯದು ತಪ್ಪು ಅಂತ ಗೊತ್ತಾದರೆ ಅಳಿಸಬೇಡ, ವೈಟ್ನರ್ ಅಂತೂ ಮುಟ್ಟಬೇಡ. ಒಂದೇ ಗೀಟು ಎಳೆದು, ಪಕ್ಕದಲ್ಲಿ ಹೊಸದು ಬರೆದು, ತಾರೀಕಿನ ಜೊತೆ ಚಿಕ್ಕ ಸಹಿ ಹಾಕು. ಸಿಕ್ಕ ಊರು, ಈಗಿರುವ ಊರು, ಪೊಲೀಸರು ಹಿಡಿದ ಊರು, ಮೂರನ್ನೂ ಒಂದೇ ಕಾಲಮ್ಮಿನಲ್ಲಿ ತುಂಬೋದು ಎಲ್ಲ ಕಡೆಯೂ ಆಗುತ್ತೆ, ನೀನು ಮೂರು ಕಾಲಂ ಮಾಡಿಕೊ.

ಬರಹದ ತಪ್ಪಿಗೆ ಇಷ್ಟು ಹೆದರ್ತೀಯ, ಆದರೆ ನಿಜವಾಗಿ ತಿದ್ದೋಕೆ ಬಾರದ ತಪ್ಪುಗಳು ಕೈಯವು. ನವರಾತ್ರಿ ಪ್ರದರ್ಶನಕ್ಕೆ ಕಲ್ಲುಗಳನ್ನ ತೊಳೆಸ್ತಾರೆ ಅಂತ ಬರೆದಿದ್ದೀಯ. ಮೊದಲು ಹಿಂಬದಿ, ಎರಡೂ ಮಗ್ಗುಲು, ಬುಡ ಎಲ್ಲದರ ಫೋಟೊ ತೆಗೆಸು. ಹಿಂದೆ ಕೆಂಪು ಬಣ್ಣದಲ್ಲಿ ಯಾವುದೋ ಹಳೆಯ ಸಂಖ್ಯೆ ಇದ್ದರೆ ಅದೇ ಕಲ್ಲಿನ ಜಾತಕ. ಉಳಿ ಗುರುತು, ಮೂಲೆಯ ಹಳೆಯ ಸುಣ್ಣ, ಎಣ್ಣೆಯ ಕರಿ, ಇವೆಲ್ಲ ಸಾಕ್ಷಿ. ಹಿಂಬದಿ ಒರಟಾಗಿ ಬಿಟ್ಟಿದ್ದರೆ ಅದು ಗೋಡೆಗೂಡಿನಲ್ಲಿ ಇದ್ದದ್ದಿರಬಹುದು. ಆಸಿಡ್, ತಂತಿ ಬ್ರಷ್, ಹೊಳಪಿಗೆ ಎಣ್ಣೆ ಯಾವುದೂ ಹತ್ತಿರ ಬರಬಾರದು. ಒಣ ಮೆತ್ತನೆ ಬ್ರಷ್ ಸಾಕು.

ಎತ್ತುವ ಮುಂಚೆ ತೂಕ ಲೆಕ್ಕ ಹಾಕು. ಒಂದೂವರೆ ಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ, 15 ದಪ್ಪದ ಕಲ್ಲು ಸುಮಾರು 365 ಕೆಜಿ, ಘನಮೀಟರಿಗೆ 2700 ಕೆಜಿ ಹಿಡಿದು. ‘ನಾಲ್ಕು ಜನ ಸಾಕು’ ಅನ್ನೋ ಮಾತು ಅಲ್ಲಿಗೆ ಮುಗೀತು. ಅಗಲ ಬೆಲ್ಟು, ಚೈನ್ ಬ್ಲಾಕು ಬೇಕು. ಮೂರ್ತಿಯ ಕುತ್ತಿಗೆಗೆ, ತೋಳಿಗೆ ಹಗ್ಗ ಬೀಳಬಾರದು. ಹಲಗೆಯಂಥ ಕಲ್ಲನ್ನ ಎರಡು ದಿಮ್ಮಿಯ ಮೇಲೆ ಅಂಗಾತ ಮಲಗಿಸಬೇಡ. ಕಲ್ಲು ಅದುಮುವ ಭಾರ ತಡೆಯುತ್ತೆ, ಬಾಗುವ ಭಾರ ತಡೆಯಲ್ಲ, ನಡುವೆ ಸೀಳುತ್ತೆ. ಅಂಚಿನ ಮೇಲೆ ನಿಲ್ಲಿಸಿ ಸಾಗಿಸಿ. ಸಿಮೆಂಟ್ ಕಟ್ಟೆಯಲ್ಲಿ ಬುಡ ಹೂಳೋಕೆ ಒಪ್ಪಬೇಡ. ಮಲೆನಾಡಿನ ಥಂಡಿಯಲ್ಲಿ ಸಿಮೆಂಟಿನ ಉಪ್ಪು ನೀರಿನ ಜೊತೆ ಕಲ್ಲಿಗೆ ಏರಿ, ಬೇಸಿಗೆಯಲ್ಲಿ ಹರಳುಗಟ್ಟಿ, ಕೆಳಗಿನ ಅಂಕಣವನ್ನ ಪುಡಿ ಉದುರಿಸುತ್ತೆ. ನಡುವೆ ಸೀಸದ ತಗಡು ಇರಲಿ. ಕೀಲು ಬೇಕಿದ್ದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಒಡೆಯುತ್ತೆ.

ಸಂಖ್ಯೆ ಬರೆಯೋಕೆ ಪ್ಯಾರಲಾಯ್ಡ್ ಬಿ-72 ಅನ್ನೋ ಅಂಟುರಾಳವನ್ನ ಅಸಿಟೋನಿನಲ್ಲಿ 20 ಪ್ರತಿಶತ ಕರಗಿಸಿ, ಹಿಂಬದಿಯ ಕೆಳ ಅಂಚಿನಲ್ಲಿ ಒಂದು ಪಟ್ಟಿ ಬಳಿದು, ಒಣಗಿದ ಮೇಲೆ ಬರೆದು, ಮೇಲೆ ಮತ್ತೊಂದು ಪಟ್ಟಿ. ಈ ಮಳೆಯಲ್ಲಿ ಮಾತ್ರ ಬೇಡ. ಅಸಿಟೋನು ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಕೂರುತ್ತೆ, ಪಟ್ಟಿ ಬೆಳ್ಳಗೆ ಮಂಜಾಗುತ್ತೆ. ಅಲ್ಲಿಯವರೆಗೆ ನೂಲಿನ ಚೀಟಿ ಕಟ್ಟಿದ್ದರೆ ಸಾಕು.

ಇನ್ನೊಂದು ನೆನಪಾಯ್ತು, ಇದು ನಿನ್ನ ಕೆಲಸವೋ ಅಲ್ಲವೋ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹೆನ್ರಿ ಮೂರ್ ಸಂಸ್ಥೆ ಶಿಲ್ಪಿಗಳ ಕಾಗದಪತ್ರಗಳನ್ನೇ ಬೇರೆಯಾಗಿ ಕಾಪಿಡುತ್ತೆ. ಸಾಗರ, ಸೊರಬದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆಗಳಲ್ಲಿ ನಕ್ಷೆ ಹಾಳೆ, ಗಿರಾಕಿಗಳ ಲೆಕ್ಕದ ಪುಸ್ತಕ ಇದ್ದರೆ ಈಗಲೇ ಕೇಳಿ ಫೋಟೊ ತೆಗೆದಿಡು. ಯಾವ ವರ್ಷ, ಯಾರ ಕೈ ಅನ್ನೋ ಪ್ರಶ್ನೆ ಗಂಧದ ಕೆಲಸಕ್ಕೂ ನಾಳೆ ಬರುತ್ತೆ, ಆಗ ನಿನ್ನ ಜಾಗದಲ್ಲಿ ಕೂತವಳಿಗೂ ಇದೇ ಹೆದರಿಕೆ ಬರಬಾರದು.

ಕೊನೆಗೆ ಒಂದು ಉಪಕಾರ ಮಾಡು. ನಾನು ಹೇಳಿದ ಆ ಮುಳುಗಿದ ಸೀಮೆಯ ಕಲ್ಲು ಎದೆಯೆತ್ತರ ಇತ್ತು, ಬಳಪದ ಕಲ್ಲು, ಬಲಗಡೆಯ ಮೇಲ್ತುದಿ ಮುರಿದಿತ್ತು. ನಡುಪಟ್ಟಿಯಲ್ಲಿ ‘ತುಱು’ (ದನ) ಅನ್ನೋದು ಸ್ಪಷ್ಟ ಇತ್ತು, ಅದರ ಮುಂದೆ ‘ಬ’ದಿಂದ ಶುರುವಾಗುವ ಒಂದು ಹೆಸರು. ಅಜ್ಜ ಹೇಳಿದ ಊರಿನ ಕೊನೆಗೆ ‘ಕೊಪ್ಪ’ ಇತ್ತು ಅಂತ ನೆನಪು. ಎಂಟನೇ ಸಂಪುಟದ ಸಾಗರದ ಭಾಗ ಬಿಡುವಾದಾಗ ನೋಡು. ಸಿಗದಿದ್ದರೂ ಒಂದು ಚೀಟಿಯಲ್ಲಿ ಇಷ್ಟನ್ನೂ ಬರೆದು, ನನ್ನ ಹೆಸರು, ಇವತ್ತಿನ ತಾರೀಕು ಹಾಕಿ, ‘ನೆನಪಿನಿಂದ ಹೇಳಿದ್ದು, ತಪ್ಪಿರಬಹುದು’ ಅಂತ ಸೇರಿಸು. ಆ ಕಲ್ಲು ಈಗ ಎಲ್ಲಿದೆ ಅಂತ ವಿಳಾಸ ಹಿಂದಿನ ಪುಟದಲ್ಲಿ ಬರೆದಿದ್ದೀನಿ, ಅವರ ಕಡತಕ್ಕೆ ಹಾಕಿ ಅಂತ ಕಳಿಸು.

ನಿನ್ನ,
ದೊಡ್ಡಪ್ಪ